ಕಲ್ಲು ಜೋಡಿಸಿದ ಕೈಗಳು: ಮಯೋರ್ಕಾ ದ್ವೀಪದ ಸೋಯೆರ್ ಕಣಿವೆ

ಪ್ರವಾಸಕ್ಕೆ ಹೊರಟವರು ಸಾಮಾನ್ಯವಾಗಿ ಎರಡು ಬಗೆಯ ತಾಣಗಳನ್ನು ಅರಸುತ್ತಾರೆ. ಪರ್ವತ, ಕಡಲು, ಗುಹೆ, ಜಲಪಾತಗಳಂತೆ ಪ್ರಕೃತಿ ನಿರ್ಮಿಸಿದವು ಒಂದು ಬಗೆ. ಗುಡಿ, ಕೋಟೆ, ಅರಮನೆಗಳಂತೆ ಮನುಷ್ಯ ನಿರ್ಮಿಸಿದವು ಇನ್ನೊಂದು ಬಗೆ. ಇದು ಪ್ರಕೃತಿಯದು, ಇದು ಮನುಷ್ಯನದು ಎಂದು ಗೆರೆ ಎಳೆಯಲಾಗದ ತಾಣಗಳು ವಿರಳ. ಮೆಡಿಟರೇನಿಯನ್ ಸಮುದ್ರದಲ್ಲಿರುವ ಮಯೋರ್ಕಾ ದ್ವೀಪದ ಸೋಯೆರ್ ಕಣಿವೆ ಅಂಥ ವಿರಳ ತಾಣಗಳಲ್ಲೊಂದು. ಅಲ್ಲಿ ಬೆಟ್ಟವನ್ನು ನೋಡಿದರೆ ಬೆವರು ನೆನಪಾಗುತ್ತದೆ; ಗೋಡೆಯನ್ನು ನೋಡಿದರೆ ಬೆಟ್ಟವೇ ಕಾಣುತ್ತದೆ.

ಮಯೋರ್ಕಾ ಸ್ಪೇನ್ ದೇಶಕ್ಕೆ ಸೇರಿದ ಬಲಿಯಾರಿಕ್ ದ್ವೀಪಸಮೂಹದಲ್ಲಿ ಅತ್ಯಂತ ದೊಡ್ಡದು. ಅದರ ವಿಸ್ತೀರ್ಣ ಸುಮಾರು 3,640 ಚದರ ಕಿಲೋಮೀಟರ್. ಪಾಲ್ಮಾ ಅದರ ರಾಜಧಾನಿ. ಸ್ಪ್ಯಾನಿಷ್ ಭಾಷೆಯೊಡನೆ ಕತಲಾನ್ ಭಾಷೆಯ ಒಂದು ಪ್ರಭೇದ ಅಲ್ಲಿನ ಜನರ ಮನೆಮಾತು. ಒಂಬತ್ತು ಲಕ್ಷಕ್ಕಿಂತ ತುಸು ಹೆಚ್ಚು ಜನಸಂಖ್ಯೆಯುಳ್ಳ ಈ ದ್ವೀಪಕ್ಕೆ ವರ್ಷವೊಂದಕ್ಕೆ ಬರುವ ಪ್ರವಾಸಿಗರ ಸಂಖ್ಯೆ ಕೋಟಿಯನ್ನು ಮೀರುತ್ತದೆ. ಬಹುಪಾಲು ಜನ ಪಾಲ್ಮಾದ ಸುತ್ತಲಿನ ಮರಳ ದಂಡೆಗಳಲ್ಲಿ ಬಿಸಿಲು ಕಾಯಿಸಿಕೊಂಡು ಹಿಂದಿರುಗುತ್ತಾರೆ. ದ್ವೀಪದ ವಾಯವ್ಯ ಅಂಚಿನಲ್ಲಿ ಸುಮಾರು 90 ಕಿಲೋಮೀಟರ್ ಉದ್ದಕ್ಕೆ ತ್ರಮುಂತಾನಾ ಎಂಬ ಸುಣ್ಣಗಲ್ಲಿನ ಪರ್ವತಶ್ರೇಣಿ ಹಬ್ಬಿದೆ. ಆ ಶ್ರೇಣಿಯ ಮಡಿಲಿನಲ್ಲಿ ಕಿತ್ತಳೆಯ ತೋಟಗಳ ನಡುವೆ ಸೋಯೆರ್ ಪಟ್ಟಣವಿದೆ. ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿ ವಿಹಾರಧಾಮವೆಂದು ಹೆಸರಾದ ಅದರ ಬಂದರು ಇದೆ.

ಕಿತ್ತಳೆ ಹಣ್ಣು ತಂದ ರೈಲು

ಪಾಲ್ಮಾದಿಂದ ಸೋಯೆರ್‌ಗೆ ಹೋಗಲು ರಸ್ತೆಯೂ ಉಂಟು, ರೈಲೂ ಉಂಟು. ಕುಟುಂಬ ಸಮೇತ ಹೋಗುವವರು ರೈಲನ್ನೇ ಆರಿಸಿಕೊಳ್ಳುವುದು ಲೇಸು. 1912ರ ಏಪ್ರಿಲ್‌ನಲ್ಲಿ ಆರಂಭವಾದ ಈ ಕಿರುಹಳಿಯ ಮಾರ್ಗ 27 ಕಿಲೋಮೀಟರ್ ಉದ್ದವಿದೆ. ಮರದ ಬೋಗಿಗಳು ಬಾದಾಮಿ ತೋಪುಗಳನ್ನು ದಾಟಿ, ಹದಿಮೂರು ಸುರಂಗಗಳನ್ನು ಹಾಯ್ದು, ಪರ್ವತದ ಆಚೆ ಬದಿಗೆ ಇಳಿಯುತ್ತವೆ. ಎಲ್ಲಕ್ಕಿಂತ ದೊಡ್ಡ ಸುರಂಗ ಮೂರು ಕಿಲೋಮೀಟರಿಗೆ ಸ್ವಲ್ಪವೇ ಕಡಿಮೆ. ಆ ಕತ್ತಲೆಯಿಂದ ಹೊರಬಂದೊಡನೆ ಹಸಿರು ಕಣಿವೆಯೊಂದು ಕೆಳಗೆ ತೆರೆದುಕೊಳ್ಳುವ ನೋಟವನ್ನು ಮಕ್ಕಳು ಬಹುಕಾಲ ಮರೆಯಲಾರರು.

ಈ ರೈಲಿನ ಹಿಂದೆ ಒಂದು ಆರ್ಥಿಕ ಇತಿಹಾಸವಿದೆ. ಪರ್ವತವು ಅಡ್ಡವಾಗಿದ್ದುದರಿಂದ ಸೋಯೆರ್‌ನ ಜನರಿಗೆ ತಮ್ಮದೇ ರಾಜಧಾನಿಯಾದ ಪಾಲ್ಮಾಕ್ಕೆ ಹೋಗುವುದಕ್ಕಿಂತ ಹಡಗೇರಿ ಫ್ರಾನ್ಸಿನ ಮಾರ್ಸೇಲ್ ಬಂದರಿಗೆ ಹೋಗುವುದೇ ಸುಲಭವಾಗಿತ್ತು. ಕಿತ್ತಳೆ ಹಣ್ಣು ಆ ದಾರಿಯಲ್ಲೇ ಹೋಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಗಿಡಗಳಿಗೆ ರೋಗ ತಗಲಿದಾಗ ಅನೇಕ ಕುಟುಂಬಗಳೂ ಅದೇ ದಾರಿ ಹಿಡಿದು ಫ್ರಾನ್ಸಿನಲ್ಲಿ ಹಣ್ಣಿನ ವ್ಯಾಪಾರಕ್ಕೆ ನಿಂತವು. ದುಡಿದು ಉಳಿಸಿದವರು ಊರಿಗೆ ಮರಳಿ ಮನೆ ಕಟ್ಟಿಸಿದರು. ಊರವರ ಬಂಡವಾಳದಿಂದಲೇ ರೈಲುಮಾರ್ಗವೂ ಆಯಿತು. 1913ರಲ್ಲಿ ಪಟ್ಟಣದಿಂದ ಬಂದರಿಗೆ ಟ್ರಾಮ್ ಬಂಡಿಯೂ ಓಡತೊಡಗಿತು. ಅದು ಇಂದಿಗೂ ತೋಟಗಳ ಬೇಲಿಯನ್ನು ಸವರುತ್ತ ನಿಧಾನವಾಗಿ ಸಾಗುತ್ತದೆ.

ಬಂದರಿನ ಕೊಲ್ಲಿಯು ಬಹುಮಟ್ಟಿಗೆ ದುಂಡಾಗಿದೆ. ಅದರ ಬಾಯಿಯ ಎರಡು ಬದಿಗೆ ಎರಡು ದೀಪಸ್ತಂಭಗಳಿವೆ. ಕಾಪ್ ಗ್ರೋಸ್ ಎಂಬ ದೀಪಸ್ತಂಭದ ಬಳಿಗೆ ಸಂಜೆ ನಡೆದುಹೋದರೆ ಸೂರ್ಯನು ತೆರೆದ ಕಡಲಿನಲ್ಲಿ ಮುಳುಗುವುದನ್ನು ಕಾಣಬಹುದು. ಇಷ್ಟು ಸುಂದರವಾದ ಬಂದರಿದ್ದರೂ ಹಿರಿಯರು ಊರನ್ನು ದಡದಲ್ಲಿ ಕಟ್ಟದೆ ಒಳನಾಡಿನಲ್ಲಿ ಏಕೆ ಕಟ್ಟಿದರೆಂಬ ಪ್ರಶ್ನೆ ಏಳುವುದು ಸಹಜ. ಕಡಲ್ಗಳ್ಳರ ಭಯವೇ ಅದಕ್ಕೆ ಕಾರಣ. 1561ರ ಮೇ 11ರಂದು ಕಡಲ್ಗಳ್ಳರ ದೊಡ್ಡ ದಾಳಿಯನ್ನು ಊರವರು ಹಿಮ್ಮೆಟ್ಟಿಸಿದರು. ಮನೆಗೆ ನುಗ್ಗಿದವರನ್ನು ಇಬ್ಬರು ಅಕ್ಕತಂಗಿಯರು ಬಾಗಿಲಿನ ಅಗುಳಿಯಿಂದಲೇ ಹೊಡೆದುರುಳಿಸಿದರೆಂಬ ವೃತ್ತಾಂತವನ್ನು ಇಂದಿಗೂ ಹೇಳುತ್ತಾರೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಆ ಕಾಳಗವನ್ನು ಅಭಿನಯಿಸಿ ಹಬ್ಬ ಆಚರಿಸುತ್ತಾರೆ.

ಗಾರೆಯಿಲ್ಲದ ಗೋಡೆಗಳು

ಸೋಯೆರ್‌ನ ನಿಜವಾದ ಸಂಪತ್ತು ಬಂದರಿನಲ್ಲಿಲ್ಲ, ಬೆಟ್ಟದ ಇಳಿಜಾರಿನಲ್ಲಿದೆ. ತಲೆಯೆತ್ತಿ ನೋಡಿದರೆ ಕಣಿವೆಯ ಬುಡದಿಂದ ಬಂಡೆಯ ಅಂಚಿನವರೆಗೆ ಮೆಟ್ಟಿಲುಮೆಟ್ಟಿಲಾಗಿ ಹೊಲದ ಪಟ್ಟಿಗಳು ಏರಿಹೋಗಿವೆ. ಪ್ರತಿಯೊಂದು ಪಟ್ಟಿಯನ್ನೂ ಕಲ್ಲಿನ ಗೋಡೆಯೊಂದು ಎತ್ತಿ ಹಿಡಿದಿದೆ. ಆ ಗೋಡೆಗಳಿಗೆ ಸುಣ್ಣವಿಲ್ಲ, ಗಾರೆಯಿಲ್ಲ, ಸಿಮೆಂಟಿಲ್ಲ. ಕಲ್ಲಿನ ಮೇಲೆ ಕಲ್ಲನ್ನು ಮುಖ ನೋಡಿ ಕೂರಿಸಿದ್ದಷ್ಟೇ.

ಇದು ಬಡತನದಿಂದ ಹುಟ್ಟಿದ ಕೊರತೆಯೆಂದು ಭಾವಿಸಬಾರದು. ಇದರಲ್ಲಿ ಆಳವಾದ ತಿಳಿವಳಿಕೆ ಅಡಗಿದೆ. ಮೆಡಿಟರೇನಿಯನ್ ದ್ವೀಪಗಳಲ್ಲಿ ಬೇಸಗೆಯೆಲ್ಲ ಮಳೆಯಿಲ್ಲ. ಶರತ್ಕಾಲದಲ್ಲಿ ಸುರಿದರೆ ಒಮ್ಮೆಲೇ ಸುರಿಯುತ್ತದೆ. ಗಾರೆ ಹಾಕಿದ ಗೋಡೆಯ ಹಿಂದೆ ನೀರು ತುಂಬಿ ನಿಂತರೆ ಅದರ ಒತ್ತಡಕ್ಕೆ ಗೋಡೆ ಒಡೆಯುತ್ತದೆ. ಗಾರೆಯಿಲ್ಲದ ಗೋಡೆಯಲ್ಲಿ ನೀರು ಸಂದುಗಳಿಂದ ಸೋಸಿ ಹೊರಬರುತ್ತದೆ, ಮಣ್ಣು ಮಾತ್ರ ಉಳಿಯುತ್ತದೆ. ಅದಕ್ಕೆಂದೇ ಹೊರಮುಖಕ್ಕೆ ದೊಡ್ಡ ಕಲ್ಲು, ಅದರ ಹಿಂದೆ ಜಲ್ಲಿ. ಗೋಡೆಯು ಸ್ವಲ್ಪವೇ ಬೆಟ್ಟದ ಕಡೆಗೆ ವಾಲಿಕೊಂಡಿರುತ್ತದೆ. ಹೀಗೆ ಹಿಡಿದಿಟ್ಟ ಅಂಗೈಯಗಲದ ಮಣ್ಣಿನಲ್ಲೇ ಹಲವು ಶತಮಾನ ಕಂಡ ಆಲಿವ್ ಮರಗಳು ಸೊಟ್ಟಸೊಟ್ಟಾಗಿ ತಿರುಚಿಕೊಂಡು ನಿಂತಿವೆ.

ಇಂಥ ಗೋಡೆ ಕಟ್ಟುವವನಿಗೆ ಅಲ್ಲಿನ ಭಾಷೆಯಲ್ಲಿ ಮರ್ಜೇರ್ ಎಂದು ಹೆಸರು. ದ್ವೀಪವು ಹತ್ತನೆಯ ಶತಮಾನದ ಆರಂಭದಿಂದ 1229ರವರೆಗೆ ಮುಸ್ಲಿಂ ಆಳ್ವಿಕೆಯಲ್ಲಿತ್ತು. ನೀರನ್ನು ಕಾಲುವೆಗಳಲ್ಲಿ ಹಾಯಿಸಿ ತೋಟ ಬೆಳೆಸುವ ವಿದ್ಯೆಗೆ ಆ ಕಾಲದ ಕೊಡುಗೆ ದೊಡ್ಡದು. ಬಿನಿ ಎಂದು ಆರಂಭವಾಗುವ ಊರಹೆಸರುಗಳು ಅರಬ್ಬೀ ಮೂಲದವು. ಅನಂತರ ಬಂದ ಕ್ರೈಸ್ತ ರೈತರು ಆ ವಿದ್ಯೆಯನ್ನು ಕೈಬಿಡಲಿಲ್ಲ. ಅದರ ಮೇಲೆ ಗೋಡೆಯ ಮೇಲೆ ಗೋಡೆ ಕಟ್ಟುತ್ತ ಹೋದರು. ಧರ್ಮ ಬದಲಾಯಿತು, ದೊರೆ ಬದಲಾದನು; ಕಾಯಕ ಮಾತ್ರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿತು. 2011ರಲ್ಲಿ ಯುನೆಸ್ಕೋ ಸಂಸ್ಥೆಯು ತ್ರಮುಂತಾನಾ ಶ್ರೇಣಿಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕೇವಲ ಪರ್ವತವೆಂದಲ್ಲ, ಮನುಷ್ಯನ ದುಡಿಮೆಯಿಂದ ರೂಪುಗೊಂಡ ಸಾಂಸ್ಕೃತಿಕ ಭೂದೃಶ್ಯವೆಂಬ ಕಾರಣಕ್ಕೆ ಆ ಮನ್ನಣೆ ದೊರೆಯಿತು. 2018ರಲ್ಲಿ ಸ್ಪೇನ್ ಸೇರಿದಂತೆ ಎಂಟು ದೇಶಗಳ ಗಾರೆಯಿಲ್ಲದ ಕಲ್ಲುಗೋಡೆಯ ಕಲೆಗೂ ಅದೇ ಸಂಸ್ಥೆಯ ಮನ್ನಣೆ ಬಂದಿತು.

ಈ ಕಾಯಕವನ್ನು ಹತ್ತಿರದಿಂದ ಕಾಣಬೇಕೆಂದರೆ ಸೋಯೆರ್‌ಗೆ ಅಂಟಿಕೊಂಡಿರುವ ಬಿನಿಯರಾಯ್ಶ್ ಎಂಬ ಹಳ್ಳಿಗೆ ಹೋಗಬೇಕು. ಅಲ್ಲಿಂದ ಕಮರಿಯೊಂದರಲ್ಲಿ ಕಲ್ಲು ಹಾಸಿದ ಪುರಾತನ ದಾರಿ ಏರತೊಡಗುತ್ತದೆ. ಸುಮಾರು ಎರಡು ಸಾವಿರ ಮೆಟ್ಟಿಲುಗಳೆಂದು ಹೇಳುತ್ತಾರೆ. ಪಕ್ಕದಲ್ಲಿ ತೊರೆ, ಎರಡೂ ಬದಿಗೆ ಆಲಿವ್ ತೋಪು, ಮೇಲೆ ಬಂಡೆ. ಇದು ಯಾತ್ರಿಕರ ದಾರಿ; ಲ್ಯುಕ್ ಮಠಕ್ಕೆ ಜನ ಶತಮಾನಗಳ ಕಾಲ ಇದರಲ್ಲೇ ನಡೆದುಹೋಗಿದ್ದಾರೆ.

ಬೆಟ್ಟದ ಮೇಲಣ ಮಠ

ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿ, ಓಕ್ ಮರಗಳ ಕಾಡಿನ ನಡುವೆ ಲ್ಯುಕ್ ಮಠವಿದೆ. ಹದಿಮೂರನೆಯ ಶತಮಾನದಷ್ಟು ಹಳೆಯದಾದ ಈ ಪುಣ್ಯಕ್ಷೇತ್ರ ಮಯೋರ್ಕಾದ ಜನರ ಶ್ರದ್ಧಾಕೇಂದ್ರ. ಕುರಿ ಕಾಯುವ ಹುಡುಗನೊಬ್ಬನಿಗೆ ಮಾತೆ ಮೇರಿಯ ಕಪ್ಪು ಬಣ್ಣದ ಪ್ರತಿಮೆ ದೊರೆಯಿತೆಂಬುದು ಅಲ್ಲಿನ ಸ್ಥಳಪುರಾಣ. ಯಾತ್ರಿಕರು ತಂಗಲು ಕೊಠಡಿಗಳಿವೆ. ಪ್ರವಾಸಿಗರೂ ಅಲ್ಪ ಬಾಡಿಗೆಗೆ ತಂಗಬಹುದು. 1531ರಿಂದ ಬೆಳೆದುಬಂದ ಮಕ್ಕಳ ಗಾಯನವೃಂದವೊಂದು ಈ ಮಠದ ಹೆಮ್ಮೆ. ನೀಲಿ ನಿಲುವಂಗಿ ತೊಡುವುದರಿಂದ ಅವರಿಗೆ ನೀಲಿಯ ಮಕ್ಕಳೆಂದೇ ಹೆಸರು. ಮಠದಲ್ಲಿದ್ದು ಓದುತ್ತ, ಹಾಡುತ್ತ ಬೆಳೆದ ಮಕ್ಕಳ ಪರಂಪರೆಯೊಂದು ಐದು ಶತಮಾನಗಳ ಸಮೀಪಕ್ಕೆ ಬಂದಿರುವುದು ಮಠಗಳ ನೆರಳಿನಲ್ಲಿ ಅಕ್ಷರ ಕಲಿತ ನಮ್ಮಂಥವರಿಗೆ ತಮ್ಮದೇ ಮಾತೆನ್ನಿಸುತ್ತದೆ.

ಲ್ಯುಕ್‌ನಿಂದ ಕಡಲಿನ ಕಡೆಗೆ ಪರೇಯ್ಸ್ ಎಂಬ ಮಹಾಕಮರಿ ಇಳಿಯುತ್ತದೆ. ಎರಡು ತೊರೆಗಳು ಕೂಡಿ ಸುಣ್ಣಗಲ್ಲನ್ನು ಯುಗಯುಗಗಳಿಂದ ಕೊರೆದು ಮಾಡಿದ ದಾರಿಯಿದು. ಎರಡೂ ಬದಿಯ ಗೋಡೆಗಳು ಇನ್ನೂರು ಮೀಟರಿಗೂ ಮಿಗಿಲಾದ ಎತ್ತರಕ್ಕೆ ನಿಂತಿವೆ. ಕೊನೆಗೆ ಅವು ಸರಿದುನಿಂತು ಉರುಟುಗಲ್ಲಿನ ಕಿರುದಂಡೆಯೊಂದನ್ನು ಕಡಲಿಗೆ ತೆರೆದಿಡುತ್ತವೆ. ಕಮರಿಯೊಳಗಿನ ನಡಿಗೆ ಪಳಗಿದವರಿಗೆ ಮಾತ್ರ. ಮಳೆಯ ಮುನ್ಸೂಚನೆಯಿದ್ದರೆ ಅವರೂ ಇಳಿಯಬಾರದು. ಉಳಿದವರು ಸೋಯೆರ್ ಬಂದರಿನಿಂದ ದೋಣಿಯಲ್ಲಿ ಸ ಕಲೋಬ್ರ ಎಂಬಲ್ಲಿಗೆ ಬಂದು ಕಮರಿಯ ಬಾಯಿಯನ್ನು ನೋಡಬಹುದು. 1932ರಲ್ಲಿ ಅಂತೋನಿಯೋ ಪರಿಯೇತಿ ಎಂಬ ಎಂಜಿನಿಯರು ನಿರ್ಮಿಸಿದ ರಸ್ತೆಯೂ ಅಲ್ಲಿಗೆ ಇಳಿಯುತ್ತದೆ. ಒಂದೆಡೆ ಅದು ಕೊರಳ ಪಟ್ಟಿಯ ಗಂಟಿನಂತೆ ಸುತ್ತಿ ತನ್ನ ಕೆಳಗೆ ತಾನೇ ನುಸುಳುತ್ತದೆ.

ಕಮ್ಮಾರನ ಹೆಸರಿನ ಕಪ್ಪೆ

ಈ ಕಮರಿಗಳ ಆಳದ ಹೊಂಡಗಳಲ್ಲಿ, ಜಗತ್ತಿನ ಬೇರೆಲ್ಲಿಯೂ ಇಲ್ಲದ ಪುಟ್ಟ ಕಪ್ಪೆಯೊಂದು ವಾಸಿಸುತ್ತದೆ. ಅದರ ಕೂಗು ಅಡಿಗಲ್ಲಿನ ಮೇಲೆ ಬೀಳುವ ಸುತ್ತಿಗೆಯ ಸದ್ದನ್ನು ಹೋಲುವುದರಿಂದ ಜನ ಅದನ್ನು ಕಿರಿಯ ಕಮ್ಮಾರ ಎಂಬ ಅರ್ಥದ ಫೆರ್ರೆರೆತ್ ಎಂಬ ಹೆಸರಿನಿಂದ ಕರೆಯುತ್ತಾರೆ. ಹೆಣ್ಣು ಮೊಟ್ಟೆಯಿಟ್ಟ ಬಳಿಕ ಗಂಡುಕಪ್ಪೆಯು ಆ ಮೊಟ್ಟೆಗಳ ಸರವನ್ನು ಹಿಂಗಾಲಿಗೆ ಸುತ್ತಿಕೊಂಡು, ಮರಿಯಾಗುವ ಕಾಲಕ್ಕೆ ನೀರಿಗೆ ಬಿಡುತ್ತದೆ. 1977ರಲ್ಲಿ ವಿಜ್ಞಾನಿಗಳು ಈ ಕಪ್ಪೆಯನ್ನು ಕೇವಲ ಮೂಳೆಗಳಿಂದ ಗುರುತಿಸಿ, ಅಳಿದುಹೋದ ಜೀವಿಯೆಂದು ದಾಖಲಿಸಿದ್ದರು. ಕೆಲವೇ ವರ್ಷಗಳಲ್ಲಿ ಅದು ಜೀವಂತವಾಗಿ ಕಾಣಿಸಿಕೊಂಡಿತು. ಮನುಷ್ಯರೊಡನೆ ದ್ವೀಪಕ್ಕೆ ಬಂದ ಹಾವುಗಳಿಂದಲೂ ಶಿಲೀಂಧ್ರರೋಗದಿಂದಲೂ ಅದಕ್ಕೆ ಅಪಾಯವೊದಗಿತು. ಮರಿಗಳನ್ನು ಹಿಡಿದು ಔಷಧೋಪಚಾರ ಮಾಡಿ, ಹೊಂಡಗಳನ್ನು ತೊಳೆದು, ರೋಗವನ್ನು ಅಲ್ಲಿಂದ ನಿವಾರಿಸಿದುದಾಗಿ 2015ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು.

ಸೋಯೆರ್ ಸಮೀಪದ ಮುಲೇತ ಗುಹೆಯಲ್ಲಿ ಇನ್ನೊಂದು ಜೀವಿಯ ಮೂಳೆಗಳೂ ದೊರೆತಿವೆ. ಆಡಿನ ಜಾತಿಯ ಆ ಕುಳ್ಳ ಪ್ರಾಣಿಗೆ ಕಣ್ಣುಗಳು ಪಕ್ಕಕ್ಕಲ್ಲ, ಮುಂದಕ್ಕಿದ್ದವು. ಬೇಟೆಯಾಡುವ ಶತ್ರುವಿಲ್ಲದ ದ್ವೀಪದಲ್ಲಿ ಅದಕ್ಕೆ ಅಕ್ಕಪಕ್ಕ ನೋಡುವ ಅಗತ್ಯವಿರಲಿಲ್ಲ. ಕೆಲವು ಸಾವಿರ ವರ್ಷಗಳ ಹಿಂದೆ ಮನುಷ್ಯರು ದ್ವೀಪಕ್ಕೆ ಕಾಲಿಟ್ಟ ಬಳಿಕ ಅದು ನಿರ್ನಾಮವಾಯಿತು. ಕಪ್ಪೆ ಉಳಿಯಿತು, ಆಡು ಅಳಿಯಿತು. 1980ರ ದಶಕದಲ್ಲಿ ಸುಮಾರು ಇಪ್ಪತ್ತಕ್ಕೆ ಇಳಿದಿದ್ದ ಕಪ್ಪು ರಣಹದ್ದುಗಳು ಮಾತ್ರ ಸಂರಕ್ಷಣೆಯ ಫಲವಾಗಿ ಚೇತರಿಸಿಕೊಂಡು ಇಂದು ಪರ್ವತದ ಮೇಲೆ ಹಾರಾಡುತ್ತಿವೆ. ಆಯ್ಕೆ ಮನುಷ್ಯನ ಕೈಯಲ್ಲಿದೆ ಎಂಬುದಕ್ಕೆ ಈ ಮೂರೂ ಸಾಕ್ಷಿ.

ಜ್ಞಾನದ ಮನೆ, ಅತಿಥಿಗಳ ಮನೆ

ಸೋಯೆರ್‌ನಿಂದ ನೈರುತ್ಯಕ್ಕೆ ಕಡಲಂಚಿನ ರಸ್ತೆಯಲ್ಲಿ ಸಾಗಿದರೆ ಇಂಗ್ಲಿಷ್ ಕವಿ ರಾಬರ್ಟ್ ಗ್ರೇವ್ಸ್ ಬಾಳಿ ಮಣ್ಣಾದ ದೇಯಾ ಗ್ರಾಮ ಸಿಗುತ್ತದೆ. ಮುಂದೆ, ಸಂಗೀತಗಾರ ಶೋಪ್ಯಾನ್ 1838-39ರ ಚಳಿಗಾಲವನ್ನು ಕಳೆದ ವಾಲ್‌ದೆಮೋಸ ಸಿಗುತ್ತದೆ. ಇವೆರಡರ ನಡುವೆ ಇರುವ ಮಿರಮಾರ್ ಎಂಬ ಶಾಂತ ತಾಣದ ಮುಂದೆ ಅನೇಕರು ನಿಲ್ಲದೆ ಸಾಗಿಬಿಡುತ್ತಾರೆ. ಅಲ್ಲಿ ನಿಲ್ಲಬೇಕು.

ಮಯೋರ್ಕಾದಲ್ಲಿ ಹುಟ್ಟಿದ ತತ್ತ್ವಜ್ಞಾನಿ ರಮೋನ್ ಲ್ಯುಲ್‌ನ ಕೋರಿಕೆಯಂತೆ 1276ರಲ್ಲಿ ಮಿರಮಾರ್ ಮಠ ಸ್ಥಾಪನೆಯಾಯಿತು. ಹದಿಮೂರು ಮಂದಿ ಸಂನ್ಯಾಸಿಗಳು ಅಲ್ಲಿದ್ದು ಅರಬ್ಬೀ ಭಾಷೆ ಕಲಿಯಬೇಕೆಂಬುದು ಏರ್ಪಾಡು. ಮತಪ್ರಚಾರವೇ ಅವನ ಗುರಿಯಾಗಿತ್ತೆಂಬುದನ್ನು ಮರೆಮಾಚಬೇಕಿಲ್ಲ. ಆದರೂ ಖಡ್ಗದ ಕಾಲದಲ್ಲಿ, ಎದುರಿನವನೊಡನೆ ಮಾತನಾಡಲು ಮೊದಲು ಅವನ ಭಾಷೆಯನ್ನು ಕಲಿಯಬೇಕೆಂದು ಹೇಳಿದವನು ಅವನು. ಪಂಡಿತರ ಲ್ಯಾಟಿನ್ ಭಾಷೆಯೊಂದಕ್ಕೇ ಕಟ್ಟುಬೀಳದೆ ಜನರ ಕತಲಾನ್ ಭಾಷೆಯಲ್ಲಿ ತತ್ತ್ವವನ್ನು ಬರೆದನು. ಅದಕ್ಕೂ ಒಂದು ಶತಮಾನ ಮೊದಲೇ ಜನರ ನುಡಿಯಲ್ಲಿ ಅನುಭಾವವನ್ನು ನುಡಿದ ಶರಣರ ವಾರಸುದಾರರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಕಾಲಾಂತರದಲ್ಲಿ ಪಾಳುಬಿದ್ದ ಮಿರಮಾರ್ ಅನ್ನು 1872ರಲ್ಲಿ ಆಸ್ಟ್ರಿಯಾದ ರಾಜಮನೆತನದ ಲುಡ್ವಿಗ್ ಸಾಲ್ವಟೋರ್ ಕೊಂಡನು. ರಾಜಕುಮಾರನಾದರೂ ಸಾದಾ ಉಡುಪಿನಲ್ಲಿ ತಿರುಗಿ, ಜನರ ಭಾಷೆ ಕಲಿತು, ದ್ವೀಪಗಳ ಬಗೆಗೆ ಬೃಹತ್ ಗ್ರಂಥವನ್ನು ರಚಿಸಿದನು. ಕರಾವಳಿಯ ಜಮೀನುಗಳನ್ನು ಒಂದೊಂದಾಗಿ ಕೊಂಡು, ಮರ ಕಡಿಯುವುದನ್ನು ನಿಷೇಧಿಸಿ, ನಡೆದಾಡುವವರಿಗಾಗಿ ಕಾಲುದಾರಿಗಳನ್ನೂ ಕಡಲು ನೋಡುವ ಕಟ್ಟೆಗಳನ್ನೂ ಮಾಡಿಸಿದನು. ದಾರಿಹೋಕರು ಮೂರು ದಿನ ಹಣವಿಲ್ಲದೆ ತಂಗಲು ಅತಿಥಿಗೃಹವನ್ನು ತೆರೆದನು. ನಾವು ದಾಸೋಹವೆನ್ನುವ ಭಾವ ಅಲ್ಲಿ ಬೇರೊಂದು ಹೆಸರಿನಲ್ಲಿತ್ತು. ಅವನ ಸೋನ್ ಮರೋಯ್ಚ್ ಮನೆಯ ಕೆಳಗೆ ಕಡಲಿಗೆ ಚಾಚಿದ ಬಂಡೆಯ ಮೂಗಿನಲ್ಲಿ ದೊಡ್ಡ ರಂಧ್ರವೊಂದಿದೆ. ಅದರ ಮೂಲಕ ಕಾಣುವ ನೀಲಿ ಕಡಲು ಈ ಕರಾವಳಿಯ ಹೆಸರಾಂತ ನೋಟ.

ಕಡಲೊಳಗಿನ ಹುಲ್ಲುಗಾವಲು

ಮಯೋರ್ಕಾದ ನೀರು ಏಕೆ ಅಷ್ಟು ತಿಳಿಯಾಗಿದೆಯೆಂದು ಪ್ರವಾಸಿಗರು ಬೆರಗಾಗುತ್ತಾರೆ. ಕಾರಣ ನೀರಿನಡಿಯಲ್ಲಿದೆ. ಪೊಸಿಡೋನಿಯ ಎಂಬ ಸಸ್ಯ ಅಲ್ಲಿ ಹುಲ್ಲುಗಾವಲಿನಂತೆ ಹಬ್ಬಿದೆ. ಅದು ಪಾಚಿಯಲ್ಲ, ಬೇರು, ಎಲೆ, ಹೂವುಗಳುಳ್ಳ ಸಸ್ಯ. ಅದು ಕೆಸರನ್ನು ಹಿಡಿದು ನೀರನ್ನು ತಿಳಿಗೊಳಿಸುತ್ತದೆ, ಮೀನಿನ ಮರಿಗಳಿಗೆ ಆಸರೆಯಾಗುತ್ತದೆ, ಅಲೆಯ ರಭಸವನ್ನು ತಗ್ಗಿಸುತ್ತದೆ. ಉದುರಿದ ಎಲೆಗಳು ದಡದಲ್ಲಿ ಕಂದು ಬಣ್ಣದ ರಾಶಿಯಾಗಿ ಬೀಳುತ್ತವೆ. ಅದನ್ನು ಕಸವೆಂದು ಬಗೆದು ಮೂಗು ಮುರಿಯುವವರೇ ಹೆಚ್ಚು. ಆದರೆ ಚಳಿಗಾಲದ ಅಲೆಗಳು ಮರಳನ್ನು ಕೊಚ್ಚಿಕೊಂಡು ಹೋಗದಂತೆ ಕಾಯುವುದು ಆ ರಾಶಿಯೇ. ಶುಚಿಯ ಹೆಸರಿನಲ್ಲಿ ಅದನ್ನು ಬಾಚಿ ತೆಗೆದರೆ ಮರಳೂ ಅದರ ಹಿಂದೆಯೇ ಹೋಗುತ್ತದೆ. ವಿಹಾರದೋಣಿಗಳ ಲಂಗರು ಈ ಹುಲ್ಲನ್ನು ಬೇರುಸಹಿತ ಕೀಳುತ್ತಿದ್ದುದರಿಂದ, ಅದರ ಮೇಲೆ ಲಂಗರು ಹಾಕುವುದನ್ನು ಬಲಿಯಾರಿಕ್ ಸರ್ಕಾರ 2018ರ ಆಜ್ಞೆಯಿಂದ ನಿಷೇಧಿಸಿತು.

ಪರ್ವತಶ್ರೇಣಿಯ ನೈರುತ್ಯ ತುದಿಯಲ್ಲಿ ದ್ರಾಗೊನೇರ ಎಂಬ ಕಿರುದ್ವೀಪವಿದೆ. ಇಂದು ಅಲ್ಲಿ ಹಲ್ಲಿಜಾತಿಯ ಪುಟ್ಟ ಪ್ರಾಣಿಗಳೂ ಕಡಲಹಕ್ಕಿಗಳೂ ನಿರ್ಭಯವಾಗಿವೆ. ಅಲ್ಲಿ ವಸತಿ ಬಡಾವಣೆ ಕಟ್ಟುವ ಯೋಜನೆ ಸಿದ್ಧವಾಗಿದ್ದಾಗ, 1977ರಲ್ಲಿ ಯುವಕರ ಗುಂಪೊಂದು ದ್ವೀಪಕ್ಕೆ ಹೋಗಿ ನೆಲೆಯೂರಿ ಪ್ರತಿಭಟಿಸಿತು. ಹೋರಾಟ ನ್ಯಾಯಾಲಯಗಳಲ್ಲಿಯೂ ಮುಂದುವರಿದು, 1987ರಲ್ಲಿ ಮಯೋರ್ಕಾದ ದ್ವೀಪಮಂಡಳಿಯು ದ್ರಾಗೊನೇರವನ್ನು ಕೊಂಡಿತು. 1995ರಲ್ಲಿ ಅದು ಪ್ರಕೃತಿಧಾಮವಾಯಿತು.

ಅತಿಥಿಯ ಧರ್ಮ

ಇಷ್ಟೆಲ್ಲ ಇದ್ದರೂ ಮಯೋರ್ಕಾ ಇಂದು ನೆಮ್ಮದಿಯಲ್ಲಿಲ್ಲ. ಪ್ರವಾಸೋದ್ಯಮವೇ ಅದರ ಅನ್ನ. ಅದೇ ಅದರ ಸಂಕಟ. ಮನೆಗಳು ಪ್ರವಾಸಿಗರ ಬಾಡಿಗೆಗೆ ಹೋದಂತೆ ಊರಿನ ಮಕ್ಕಳಿಗೆ ಮನೆ ಸಿಗುವುದು ಕಷ್ಟವಾಗಿದೆ. 1990ರ ದಶಕದ ಬರಗಾಲದಲ್ಲಿ ಪಾಲ್ಮಾ ನಗರಕ್ಕೆ ಸ್ಪೇನಿನ ನೆಲದಿಂದ ಹಡಗಿನಲ್ಲಿ ಕುಡಿಯುವ ನೀರನ್ನು ತರಬೇಕಾಯಿತು. 2016ರಲ್ಲಿ ತಂಗುವವರ ಮೇಲೆ ತೆರಿಗೆ ಬಂದಿತು. 2022ರಲ್ಲಿ ಪಾಲ್ಮಾ ಬಂದರಿಗೆ ಬರುವ ವಿಹಾರ ಹಡಗುಗಳ ಸಂಖ್ಯೆಗೆ ಮಿತಿ ಹಾಕಲಾಯಿತು. 2024ರ ಮೇ ಮತ್ತು ಜುಲೈ ತಿಂಗಳುಗಳಲ್ಲಿ ಸಾವಿರಾರು ಜನ ಪಾಲ್ಮಾದ ಬೀದಿಗಿಳಿದು, ಈ ಪರಿಯ ಪ್ರವಾಸೋದ್ಯಮ ಸಾಕೆಂದರು.

ಇದರ ನಡುವೆ ಗೋಡೆಗಳ ಚಿಂತೆ ಬೇರೆ. ಹೋಟೆಲಿನ ಕೆಲಸ ಸಿಗುವಾಗ ಬೆಟ್ಟದ ಮೇಲೆ ಕಲ್ಲು ಹೊರಲು ಯಾರು ಬಂದಾರು? ಒಂದು ಕಡೆ ಕಲ್ಲು ಜಾರಿದರೆ ಮುಂದಿನ ಮಳೆಗೆ ಗಜದಷ್ಟು ಗೋಡೆ ಕುಸಿಯುತ್ತದೆ. ಗೋಡೆ ಕುಸಿದರೆ ಮಣ್ಣು ಹೋಗುತ್ತದೆ. ಮಣ್ಣು ಹೋದರೆ ಆಲಿವ್ ಮರ ಉಳಿಯದು. ಈ ವಿದ್ಯೆ ಅಳಿಯಬಾರದೆಂದು 1980ರ ದಶಕದಿಂದ ತರುಣರಿಗೆ ತರಬೇತಿ ಕೊಡುವ ಏರ್ಪಾಡಾಗಿದೆ. ಹೀಗೆ ಕಲಿತವರ ಕೈಗಳು ಹಳೆಯ ದಾರಿಗಳನ್ನು ದುರಸ್ತಿಗೊಳಿಸಿ, ಪರ್ವತದ ಉದ್ದಕ್ಕೆ ದೂರದ ನಡಿಗೆಯ ಹಾದಿಯನ್ನೇ ಸಿದ್ಧಪಡಿಸುತ್ತಿವೆ. ನಡುನಡುವೆ ತಂಗುಮನೆಗಳಿವೆ. ಪ್ರವಾಸಿ ಕೊಡುವ ಹಣ ಇಂಥ ಕೈಗಳಿಗೆ ತಲುಪಿದರೆ ಅದು ಸಾರ್ಥಕ.

ಹೋಗಬಯಸುವ ಕುಟುಂಬಗಳಿಗೆ ಕೆಲವು ಮಾತು. ಪಾಲ್ಮಾಕ್ಕೆ ಮ್ಯಾಡ್ರಿಡ್, ಬಾರ್ಸಿಲೋನಾ ಮುಂತಾದ ಯೂರೋಪಿನ ನಗರಗಳಿಂದ ವಿಮಾನಗಳಿವೆ. ಜುಲೈ, ಆಗಸ್ಟ್ ತಿಂಗಳುಗಳ ಬಿಸಿಲನ್ನೂ ಜನಜಂಗುಳಿಯನ್ನೂ ತಪ್ಪಿಸಿ ವಸಂತದಲ್ಲಿ ಅಥವಾ ಅಕ್ಟೋಬರ್ ಹೊತ್ತಿಗೆ ಹೋಗುವುದು ಮೇಲು. ಫೆಬ್ರುವರಿಯಲ್ಲಿ ಬಾದಾಮಿ ಮರಗಳು ಹೂ ತಳೆದಿರುತ್ತವೆ. ಕಾರನ್ನು ಬಿಟ್ಟು ರೈಲು, ಬಸ್ಸು, ಕಾಲ್ನಡಿಗೆಗಳನ್ನು ನಂಬಿದರೆ ಇಕ್ಕಟ್ಟಿನ ಬೀದಿಗಳ ಊರವರಿಗೂ ಉಪಕಾರ. ಸಸ್ಯಾಹಾರಿಗಳು ಉಪವಾಸ ಬೀಳಬೇಕಾಗಿಲ್ಲ. ರೊಟ್ಟಿಗೆ ಟೊಮೆಟೊ ಹಣ್ಣನ್ನು ಉಜ್ಜಿ ಆಲಿವ್ ಎಣ್ಣೆ ಸುರಿದ ಪಾಂಬೋಲಿ ಅಲ್ಲಿನ ಬಡವ ಬಲ್ಲಿದರೆಲ್ಲರ ಊಟ. ಬದನೆ, ಆಲೂಗಡ್ಡೆ, ದೊಣ್ಣೆಮೆಣಸಿನಕಾಯಿಗಳನ್ನು ಪದರಪದರವಾಗಿ ಜೋಡಿಸಿದ ತುಂಬೆತ್ ಕೂಡ ಉಂಟು. ಆದರೆ ಎನ್ಸೈಮಾದ ಎಂಬ ಸುರುಳಿಯಾಕಾರದ ಸಿಹಿತಿಂಡಿಯನ್ನು ಕಂಡು ಮಕ್ಕಳು ಕೈಚಾಚಿದರೆ ತಡೆಯಿರಿ. ಅದರಲ್ಲಿ ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬನ್ನು ಬಳಸುತ್ತಾರೆ. ಬೇರೆ ತಿನಿಸುಗಳನ್ನೂ ಕೇಳಿಯೇ ಕೊಳ್ಳುವುದು ಒಳ್ಳೆಯದು.

ಅತಿಥಿಯನ್ನು ಸತ್ಕರಿಸುವ ಧರ್ಮವನ್ನು ನಾವು ಬಹಳ ಹೇಳುತ್ತೇವೆ. ಅತಿಥಿಗೂ ಒಂದು ಧರ್ಮವುಂಟೆಂಬುದನ್ನು ಕಡಿಮೆ ಹೇಳುತ್ತೇವೆ. ಮನೆಯವರು ಉಣ್ಣುವ ಪಾತ್ರೆಯ ತಳ ಕಾಣುವ ತನಕ ಉಣ್ಣದಿರುವುದೇ ಆ ಧರ್ಮ. ನೀರನ್ನು ಮಿತವಾಗಿ ಬಳಸುವುದು, ದಾರಿಬಿಟ್ಟು ಗೋಡೆಯೇರದಿರುವುದು, ದಂಡೆಯ ಕಂದು ಎಲೆಗಳನ್ನು ಹಳಿಯದಿರುವುದು ಸಣ್ಣ ಕೆಲಸಗಳೇ. ಸಣ್ಣ ಜಲ್ಲಿಯಿಲ್ಲದೆ ದೊಡ್ಡ ಕಲ್ಲೂ ನಿಲ್ಲದೆಂಬುದನ್ನು ಸೋಯೆರ್‌ನ ಗೋಡೆ ಕಟ್ಟುವವನು ಬಲ್ಲನು.